ಹಿಡಿಯಂಗಡಿಯ ಅಲಗು

ಆ ಬೀದಿಯಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಿದ್ದರು. “ಹಿಡಿಯಂಗಡಿ ತಾನೇ? ಕ್ಷೌರದಂಗಡಿ ಎದುರಿಗೆ, ಹಸಿರು ಬಾಗಿಲು.” ಕಮ್ಮಾರನಿಗೆ ಮೈಯೆಲ್ಲ ಉರಿದುಹೋಗುತ್ತಿದ್ದದ್ದು ಈ ಒಂದು ಮಾತಿಗೇ. ಅಂಗಡಿ ಅವನ ಅಪ್ಪನದು. ಕುಲುಮೆ ಅಪ್ಪ ಕೈಯಾರೆ ಕಟ್ಟಿದ್ದು. ಅಪ್ಪ ತನ್ನ ಇಬ್ಬರು ಸ್ನೇಹಿತರನ್ನು ಕಟ್ಟಿಕೊಂಡು ಕಬ್ಬಿಣ ಬಡಿಯುವ ಅಡಿಗಲ್ಲನ್ನು ಗಾಡಿಯಿಂದ ಇಳಿಸಿದ ದಿನ ಇವನಿಗೆ ಆರು ವರ್ಷ. ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಅಡಿಗಲ್ಲಿನ ಮುಂದೆ ನಿಂತು ನಲವತ್ತು ವರ್ಷ ಚಾಕುವಿನ ಅಲಗು ಬಡಿದವನು ಇವನು. ಹೆಸರು ಮಾತ್ರ ಹಿಡಿಗೆ.

ಹಿಡಿ ಮಾಡುವವನು ಹೆಂಡತಿಯ ತಮ್ಮ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಗೋಣಿಚೀಲದಲ್ಲಿ ಉಳಿ, ಅರ, ಒಂದು ಚಿಕ್ಕ ಗರಗಸ ತುಂಬಿಕೊಂಡು ಬಂದವನು, “ಭಾವ, ಒಂದು ಮೂಲೆ ಕೊಟ್ರೆ ಸಾಕು” ಅಂದಿದ್ದ. ಕಿಟಕಿಯ ಪಕ್ಕದ ಮೂಲೆ ಕೊಟ್ಟಿದ್ದಾಯಿತು. ಬೆಳಕು ಬೀಳುವ ಜಾಗ ಅದೊಂದೇ. ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿದ್ದವನು ಅವನು. ಕಮ್ಮಾರ ಹಿಂದೆ, ಹೊಗೆಯಲ್ಲಿ.

ಇನ್ನೊಂದು ಮಾತು ಹೇಳಬೇಕು. ಅಪ್ಪ ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದ. ಅಲಗು ಬಡಿದವನ ಅಚ್ಚು ಅಲಗಿನ ಮೇಲೆ ಬೀಳಬಾರದು. ಅಲಗಿನ ಹಿಂದುಗಡೆ, ಹಿಡಿಯೊಳಕ್ಕೆ ಹೋಗುವ ಕಬ್ಬಿಣದ ಬಾಲವೊಂದು ಇರುತ್ತದಲ್ಲ, ಅದರ ಮೇಲೆ ಕಬ್ಬಿಣ ಕೆಂಪಗಿರುವಾಗಲೇ ಒಂದೇ ಏಟು. ಅರ್ಧಚಂದ್ರ, ಅದರ ಕೆಳಗೆ ಮೂರು ಚುಕ್ಕೆ. ಆಮೇಲೆ ಹಿಡಿ ಅದನ್ನು ಮುಚ್ಚಿಬಿಡುತ್ತದೆ. “ಅಚ್ಚು ಹೊಡೆಯೋದು ಕೊಳ್ಳೋರು ನೋಡ್ಲಿ ಅಂತಲ್ಲ ಕಣೋ, ಕಬ್ಬಿಣಕ್ಕೆ ಗೊತ್ತಿರ್ಲಿ ಅಂತ” ಎನ್ನುತ್ತಿದ್ದ ಅಪ್ಪ. ಹೇಳಿ ಹೋಗುವವನು ಹೇಳಿ ಹೋದ. ಹಿಡಿಯವನು ತನ್ನ ಹಿಡಿಯ ತುದಿಯಲ್ಲಿ ತಾಮ್ರದ ಮೂರು ಮೊಳೆ ಕೂರಿಸಿ ಹೂವಿನ ಮೊಗ್ಗು ಮಾಡುತ್ತಿದ್ದ. ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ಹಿಡಿಯವನು ಕೆಟ್ಟವನೇನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಎಂದೋ ಜಗಳ ತೆಗೆದು ಕಳಿಸಬಹುದಿತ್ತು. ನಗುನಗುತ್ತ ಇರುತ್ತಿದ್ದ, ಬಂದವರಿಗೆಲ್ಲ “ಅಲಗು ನಮ್ ಭಾವಂದು” ಅಂತ ಮೊದಲು ಹೇಳುತ್ತಿದ್ದ. ಆದರೆ ಚಾಕು ಕೈಗೆ ತೆಗೆದುಕೊಂಡವನು ಹಿಡಿದುಕೊಳ್ಳುವುದು ಹಿಡಿಯನ್ನೇ ಅಲ್ಲವೇ? ಬೆರಳು ಅದರ ಮೇಲೆ ಆಡುತ್ತದೆ, ಮುಖ ಅರಳುತ್ತದೆ. ಅಲಗಿನ ಸರದಿ ಬರುವಷ್ಟರಲ್ಲಿ ಹೊಗಳಿಕೆಯೆಲ್ಲ ಖರ್ಚಾಗಿ, “ಹರಿತ ಇದೆಯಲ್ಲ?” ಅನ್ನುವ ಒಂದು ಪ್ರಶ್ನೆ ಮಾತ್ರ ಮಿಕ್ಕಿರುತ್ತಿತ್ತು.

ಇನ್ನು ಹೆಂಡತಿ. ಅಂಗಡಿಯ ಹಿಂದೆಯೇ ಮನೆ, ಅಡುಗೆಮನೆಗೂ ಕುಲುಮೆಗೂ ನಡುವೆ ಒಂದೇ ಗೋಡೆ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಒಂದು ಅಲಗನ್ನೂ ಅವಳು ಕಣ್ಣಿಟ್ಟು ನೋಡಿದ್ದು ಇವನಿಗೆ ನೆನಪಿಲ್ಲ. ತಮ್ಮ ಹಿಡಿ ಮಾಡಿದರೆ ಕೈ ಒರೆಸಿಕೊಂಡು ಓಡಿ ಬರುತ್ತಿದ್ದಳು. ಇವನ ಊಟಕ್ಕಾದರೂ ಒಂದು ಹೊತ್ತು ಗೊತ್ತು ಇತ್ತೇ ಅಂದರೆ ಅದೂ ಇಲ್ಲ. ಒಂದು ದಿನ ಹನ್ನೊಂದಕ್ಕೇ ಒಲೆ ಹಚ್ಚುವಳು, ಇನ್ನೊಂದು ದಿನ ಮಧ್ಯಾಹ್ನ ಎರಡಾದರೂ ಒಲೆ ತಣ್ಣಗೆ. ಕೇಳಿದರೆ, “ಆಗ್ತದೆ ಇರಿ” ಅಷ್ಟೇ.

ಹೀಗಿರುವಾಗ ಒಂದು ಬೆಳಗ್ಗೆ ಶಿಕಾರಿ ಯಜಮಾನರು ಬಂದರು. ಗುಡ್ಡದ ಕಡೆ ಬೆಳೆಗೆ ಹಂದಿ ಬಿದ್ದರೆ ಜನ ಕರೆಯುತ್ತಿದ್ದದ್ದು ಅವರನ್ನೇ. ಬಲಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಹೆಗಲಿನ ಚೀಲದಿಂದ ಬಟ್ಟೆ ಸುತ್ತಿದ ಗಂಟೊಂದನ್ನು ತೆಗೆದು ಅಡಿಗಲ್ಲಿನ ಮೇಲಿಟ್ಟರು.

“ಇದೇನು ಹೇಳಿ ನೋಡೋಣ.”

ಎರಡು ಮುಷ್ಟಿ ಸೇರಿಸಿದಷ್ಟು ಗಾತ್ರ, ಸುಟ್ಟ ಬೆಲ್ಲದ ಹಾಗೆ ಕಪ್ಪು, ಮೈತುಂಬ ಹೆಬ್ಬೆರಳು ಒತ್ತಿದಂಥ ಗುಳಿ. ಕಮ್ಮಾರ ಎತ್ತಿ ನೋಡಿದ. ಕಣ್ಣು ಹೇಳಿದ್ದಕ್ಕಿಂತ ಕೈ ಹೆಚ್ಚು ತೂಕ ಹೇಳಿತು. ಅರದಿಂದ ಒಂದು ಮೂಲೆ ಉಜ್ಜಿದ. ಒಳಗೆ ಬೆಳ್ಳಗೆ ಮಿಂಚಿತು.

“ಕಲ್ಲಲ್ಲ ಯಜಮಾನ್ರೇ. ಕಬ್ಬಿಣ. ಆದ್ರೆ ನಾನು ಕಂಡ ಕಬ್ಬಿಣ ಅಲ್ಲ.”

“ಆಕಾಶದಿಂದ ಬಿದ್ದದ್ದು. ನಮ್ಮಜ್ಜ ಹೊಲದಲ್ಲಿ ನಿಂತಿದ್ದಾಗ ಮೂರು ಮಾರು ದೂರದಲ್ಲಿ ಬಿತ್ತಂತೆ. ವಾರದ ತನಕ ಯಾರೂ ಮುಟ್ಲಿಲ್ಲ. ಆಮೇಲೆ ನಮ್ಮಜ್ಜಿ ಬಾಗಿಲು ಗಾಳಿಗೆ ಬಡ್ಕೋಬಾರ್ದು ಅಂತ ಅಡ್ಡ ಇಟ್ಕೊಂಡ್ಲು. ಅರವತ್ತು ವರ್ಷ ಬಾಗಿಲು ಕಾಯ್ತು, ಪಾಪ.”

ಹಿಡಿಯವನು ಮೂಲೆಯಿಂದಲೇ ನಕ್ಕ. “ಆಕಾಶದಿಂದ ಬಂದ್ರೂ ಕೆಲಸ ತಪ್ಲಿಲ್ಲ ನೋಡಿ.”

“ಇದ್ರಲ್ಲಿ ನನಗೊಂದು ಶಿಕಾರಿ ಚಾಕು ಆಗ್ಬೇಕು,” ಅಂದರು ಯಜಮಾನರು. “ಸೊಂಟಕ್ಕೆ ಕಟ್ಕೊಂಡು ಮೆರೆಯೋಕಲ್ಲ. ಕೆಲಸಕ್ಕೆ.” ತೊಡೆಯ ಮೇಲೆ ಅಂಗೈ ಇಟ್ಟರು. “ಹಿಂದೊಂದು ಸಲ ಬೇರೆ ಕಡೆಯ ಚಾಕು ನಂಬಿ ಹೋಗಿದ್ದೆ. ಹಂದಿ ಮೈಮೇಲೆ ಬಿದ್ದಾಗ ಬುಡದಲ್ಲೇ ಮುರೀತು. ಕಾಲು ಉಳೀತು ಅನ್ನೋದೇ ದೊಡ್ಡದು. ಈ ಸಲ ಹಾಗಾಗ್ಬಾರ್ದು.”

ಕಮ್ಮಾರನ ಎದೆ ಹಿಗ್ಗಿತು. ಆಕಾಶದ ಕಬ್ಬಿಣ! ಈ ಸಲ ಜನ ಏನು ನೋಡುತ್ತಾರೋ ನೋಡಲಿ. “ಹಿಡಿ ಸಾದಾ ಸಾಕಲ್ವಾ ಯಜಮಾನ್ರೇ?” ಎಂದು ಮೆಲ್ಲಗೆ ಕೇಳಿದ.

“ಅದು ನೀವಿಬ್ರೂ ನೋಡ್ಕೊಳ್ಳಿ. ನನಗೇನು ಗೊತ್ತಾಗ್ತದೆ?”

ಹದಿಮೂರು ದಿನ ಹಿಡಿಯಿತು. ಮೊದಲ ದಿನ ಕಾಸಿ ಬಡಿದರೆ ಆಕಾಶದ ಕಬ್ಬಿಣ ಒಣ ಮಣ್ಣಿನ ಹೆಂಟೆಯ ಹಾಗೆ ಉದುರಿತು. ಕಾಲು ಭಾಗ ನೆಲದ ಪಾಲಾಯಿತು. ಕಮ್ಮಾರ ಸುತ್ತಿಗೆ ಕೆಳಗಿಟ್ಟು ಚೂರುಗಳನ್ನೆಲ್ಲ ಬಳಿದು ಕೂಡಿಟ್ಟ. ಮಾರನೆಯ ದಿನ ಹಳೆಯ ಅರದ ಉಕ್ಕನ್ನು ಮೇಲೊಂದು ಕೆಳಗೊಂದು ಇಟ್ಟು, ನಡುವೆ ಆಕಾಶದ್ದನ್ನು ಕೂರಿಸಿ, ಬೆಸುಗೆ ಹಿಡಿಯಲೆಂದು ಬಿಳಿಗಾರ ಎರಚಿ, ಮೂರೂ ಒಂದಾಗುವ ಹಾಗೆ ಬೆಸೆದ. ಮಡಚಿದ, ಬಡಿದ, ಮಡಚಿದ, ಬಡಿದ. ಏಳನೆಯ ಮಡಿಕೆಗೆ ಕಬ್ಬಿಣ ಮಾತು ಕೇಳತೊಡಗಿತು. ಬಾಲದ ಮೇಲೆ ಕೆಂಪಗಿರುವಾಗಲೇ ಅಚ್ಚು ಹೊಡೆದ. ಎಣ್ಣೆಯಲ್ಲಿ ಅದ್ದಿ ಗಡುಸು ಮಾಡಿದ, ಬಿಸಿ ಮರಳಿನಲ್ಲಿ ಹೂತು ಒಣಹುಲ್ಲಿನ ಬಣ್ಣ ಬರುವ ತನಕ ಹದ ಕೊಟ್ಟ. ಸಾಣೆ ಹಿಡಿದು, ಕೊನೆಗೆ ಆಸಿಡ್ಡಿನಲ್ಲಿ ಮುಳುಗಿಸಿ ಎತ್ತಿದಾಗ ಅಲಗಿನ ಮೈಮೇಲೆ ಗೆರೆಗಳು ಎದ್ದವು. ಕೆರೆಯ ನೀರಿನ ಮೇಲೆ ಗಾಳಿ ಸುಳಿದ ಹಾಗೆ, ಬೆಳ್ಳಿಯದೊಂದು ಗೆರೆ, ಹೊಗೆಯದೊಂದು ಗೆರೆ.

ಎದುರಂಗಡಿಯ ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓಡಿ ಬಂದ. ಕತ್ತಿಯ ವಿಷಯದಲ್ಲಿ ಅವನ ಮಾತಿಗೆ ಬೀದಿಯಲ್ಲಿ ಬೆಲೆಯಿತ್ತು. “ಅಯ್ಯಯ್ಯೋ ಅಣ್ಣ! ಇದು ಅಲಗಲ್ಲ, ಹರಿಯೋ ನೀರು. ಇಷ್ಟು ದಿನ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೆ?”

“ಹೋಗೋ, ಗಿರಾಕಿ ಓಡಿಹೋದಾನು.”

“ಅರ್ಧ ಮುಖ ಇಟ್ಕೊಂಡು ಎಲ್ಲಿಗೆ ಓಡ್ತಾನೆ?”

ಅದೊಂದು ಮಧ್ಯಾಹ್ನ ಕಮ್ಮಾರ ನೆಲದ ಮೇಲಿರಲಿಲ್ಲ. ಅಲಗನ್ನು ಬಟ್ಟೆಯ ಮೇಲಿಟ್ಟುಕೊಂಡು ಅಡುಗೆಮನೆಗೆ ಹೋಗಿ ಹೆಂಡತಿಗೆ ತೋರಿಸಿದ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ತಲೆಯೆತ್ತಿ, “ಹ್ಞೂಂ, ಚೆನ್ನಾಗಿ ಬಂದಿದೆ” ಅಂದಳು. ಮತ್ತೆ ಈರುಳ್ಳಿ. ಹದಿಮೂರು ದಿನದ ಕೆಲಸಕ್ಕೆ ಮೂರು ಪದ.

ಹಿಡಿಯವನು ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದು ಬುಡದಿಂದ ತುದಿಯ ತನಕ ಹೊರಳಿಸಿ ನೋಡಿದ. “ಭಾವ, ಇದಕ್ಕೆ ಸಾದಾ ಹಿಡಿ ಹಾಕಿದ್ರೆ ಪಾಪ ಬರ್ತದೆ” ಅಂದ. ಮನೆಗೆ ಹೋಗಿ ಮಂಚದ ಕೆಳಗಿನಿಂದ ಗೋಣಿ ಸುತ್ತಿದ ಒಂದು ತುಂಡು ತಂದ. ಹೊಳೆಯ ಮರಳು ತೆಗೆಯುವವರಿಗೆ ಸಿಕ್ಕಿದ ಮರ. ಎಷ್ಟು ತಲೆಮಾರು ನೀರಿನ ತಳದಲ್ಲಿ ಮಲಗಿತ್ತೋ, ಇದ್ದಿಲಿನಷ್ಟು ಕಪ್ಪಾಗಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ಮೊದಲು ಒದ್ದೆ ಗೋಣಿಯಲ್ಲಿ, ಆಮೇಲೆ ಒಣ ಗೋಣಿಯಲ್ಲಿ, ಬಿರುಕು ಬಿಡದ ಹಾಗೆ ಹನ್ನೊಂದು ವರ್ಷ ಆರಿಸಿ ಇಟ್ಟಿದ್ದನಂತೆ.

“ಹನ್ನೊಂದು ವರ್ಷ ನನಗೊಂದು ಮಾತು ಹೇಳ್ಲಿಲ್ವಲ್ಲೋ?”

“ಹೇಳಿದ್ರೆ ನೀವು ಯಾವ್ದಾದ್ರೂ ಗಿರಾಕಿಗೆ ಒಪ್ಪಿಸಿಬಿಡ್ತಿದ್ರಿ. ಇದು ನಿಮ್ಮ ಒಳ್ಳೇ ಅಲಗಿಗೆ ಅಂತ ಇಟ್ಟಿದ್ದು.”

ಒಳ್ಳೆಯ ಮಾತೇ. ಆದರೆ ಕಮ್ಮಾರನ ಕಿವಿಗೆ ಬೀಳುವಷ್ಟರಲ್ಲಿ ಅದು ಬೇರೆಯಾಗಿತ್ತು. ನನ್ನ ಅಲಗಿಗೆ ಅಂತೆ! ನನ್ನ ಅಲಗನ್ನು ಮುಚ್ಚಿ ಹಾಕುವುದಕ್ಕೆ ಅನ್ನಬೇಕಿತ್ತು.

ಆರು ದಿನದಲ್ಲಿ ಹಿಡಿಯಾಯಿತು. ಕಪ್ಪು ಮರ; ನಡುವೆ ಕಾಡಿನಲ್ಲಿ ಉದುರಿ ಬಿದ್ದ ಜಿಂಕೆಯ ಕೊಂಬಿನ ಎರಡು ಬಿಳಿ ಬಿಲ್ಲೆ; ಬಿಲ್ಲೆಯ ಅಕ್ಕಪಕ್ಕ ಕೂದಲೆಳೆಯಷ್ಟು ತಾಮ್ರ. ತುದಿಯಲ್ಲಿ ಅದೇ ಮೂರು ಮೊಳೆಯ ಮೊಗ್ಗು. ಬುಧವಾರ ಹಿಡಿಯೊಳಗೆ ಅರಗು ಕಾಸಿ ಹೊಯ್ದು, ಅಲಗಿನ ಬಾಲವನ್ನು ಇಳಿಸಿ, ಮರದ ಕೊಡತಿಯಿಂದ ಮೂರು ಸಲ ಮೆಲ್ಲಗೆ ತಟ್ಟಿ ಕೂರಿಸಿದ. ಆಮೇಲೆ ಅಂಗೈಯಿಂದಲೇ ಉಜ್ಜಿ ಉಜ್ಜಿ ಮಿರುಗು ತಂದ.

ಕ್ಷೌರಿಕ ಮತ್ತೆ ಓಡಿ ಬಂದ. ಈ ಸಲ ಚಾಕುವನ್ನು ಕೈಗೆ ತೆಗೆದುಕೊಂಡ. ಕಣ್ಣು ಮುಚ್ಚಿದ. “ಲೋ ಹಿಡಿಯಪ್ಪ! ಇದು ಕೈ ಹಿಡ್ಕೊಂಡ್ರೆ ಬಿಡೋದೇ ಬೇಡ ಅನ್ಸತ್ತೆ. ಹೆಂಡ್ತಿ ಕೈನೂ ಹೀಗೆ ಹಿಡ್ದಿಲ್ಲ ನಾನು.”

“ಅದು ಅವರ ಪುಣ್ಯ” ಅಂದ ಹಿಡಿಯವನು.

“ಅಲಗು ನೋಡಿದ್ಯಾ?” ಕಮ್ಮಾರ ಕೇಳಿದ. ಕೇಳಬಾರದಿತ್ತು. ತಾನು ಕೇಳಿದ್ದು ತನಗೇ ಭಿಕ್ಷೆ ಬೇಡಿದ ಹಾಗೆ ಕೇಳಿಸಿತು.

“ಅದೂ ಚೆನ್ನಾಗಿದೆ ಅಣ್ಣ, ಅವತ್ತೇ ಹೇಳಿದ್ನಲ್ಲ.”

ಅದೂ! ಅಷ್ಟರಲ್ಲಿ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದಳು. ಕೊಂಬಿನ ಬಿಲ್ಲೆಯ ಹತ್ತಿರ ಬೆರಳು ನಿಂತಿತು. ಅವಳ ಕಣ್ಣು ಒದ್ದೆಯಾಯಿತು. “ನಮ್ಮಪ್ಪನ ಕೈ ಬಂದಿದೆ ಕಣೋ ನಿನಗೆ” ಅಂದಳು ತಮ್ಮನಿಗೆ.

ಕಮ್ಮಾರ ತಿದಿಯ ಹತ್ತಿರ ಹೋಗಿ ಇಲ್ಲದ ಕೆಲಸ ಮಾಡಿದ. ಇಪ್ಪತ್ತಾರು ವರ್ಷ ಒಂದೇ ತಟ್ಟೆಯ ಋಣ ಇರುವ ಹೆಂಗಸು. ಅವಳ ಕಣ್ಣಲ್ಲಿ ಆ ನೀರು ಇವನು ಬಡಿದ ಯಾವುದಕ್ಕೂ ಬಂದಿರಲಿಲ್ಲ.

ಗುರುವಾರ ಮಧ್ಯಾಹ್ನ ಹಿಡಿಯವನು ಒರೆಗೆ ತೊಗಲು ತರಲು ಪೇಟೆಗೆ ಹೋಗಿದ್ದ. ಎದುರಂಗಡಿ ಊಟಕ್ಕೆ ಮುಚ್ಚಿತ್ತು. ಹಿಡಿಗೆ ಎಣ್ಣೆಬಟ್ಟೆ ಸುತ್ತಿದ ಚಾಕು ಮೇಜಿನ ಮೇಲಿತ್ತು. ಹೊರಗೆ ಕಾಣುತ್ತಿದ್ದದ್ದು ಅಲಗು ಮಾತ್ರ. ಹಿಡಿಗೆ ಬಟ್ಟೆ ಸುತ್ತಿದಾಗ ಎಷ್ಟು ಚೆನ್ನಾಗಿತ್ತು ಚಾಕು! ಕಮ್ಮಾರ ನೋಡುತ್ತ ನಿಂತ. ಅಲಗಿನ ಬುಡದಲ್ಲಿ, ಹಿಡಿ ಮುಗಿದ ಕಡೆ, ಹೆಬ್ಬೆರಳಿನ ಉಗುರಿನಷ್ಟು ಜಾಗ ಖಾಲಿ ಇತ್ತು. ಅಲ್ಲೊಂದು ಅರ್ಧಚಂದ್ರ ಇದ್ದಿದ್ದರೆ? ಕೆಳಗೆ ಮೂರು ಚುಕ್ಕೆ? ಹಿಡಿಯ ಮೇಲಿನ ಬೆರಳು ಅಲ್ಲಿಗೇ ಬಂದು ನಿಲ್ಲುತ್ತದೆ. ಇದು ಯಾರ ಅಚ್ಚು ಅಂತ ಕೇಳಲೇಬೇಕಾಗುತ್ತದೆ.

ಹದ ಕೊಟ್ಟು ಗಡುಸಾದ ಅಲಗಿಗೆ ತಣ್ಣಗಿರುವಾಗ ಅಚ್ಚು ಹೊಡೆಯಬಾರದು. ಇದು ಅವನಿಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ತಿದಿ ಒತ್ತಲು ಕಲಿತ ದಿನವೇ ಕಲಿತ ಪಾಠ. ಆದರೂ ಕೈ ಅಪ್ಪನ ಕಾಲದ ಉಕ್ಕಿನ ಅಚ್ಚನ್ನು ಹುಡುಕಿ ತೆಗೆಯಿತು, ಇನ್ನೊಂದು ಕೈ ಸುತ್ತಿಗೆ ಎತ್ತಿತು. ಮೆಲ್ಲಗೆ ಒಂದೇ ಏಟು, ಬುಡ ದಪ್ಪಗಿದೆ, ತಡೆಯುತ್ತದೆ. ಹೊಟ್ಟೆಕಿಚ್ಚು ಹೇಳಿಕೊಟ್ಟ ಲೆಕ್ಕ ಇದು.

ಟಿಣ್ ಅನ್ನಲಿಲ್ಲ, ಟಕ್ ಅಂದಿತು.

ಅಚ್ಚು ಜಾರಿ ಒಂದು ಗೀರು ಮಾತ್ರ ಬಿತ್ತು. ಅಪ್ಪನ ಅಚ್ಚನ್ನು ತಿರುಗಿಸಿ ನೋಡಿದ. ಮೂರು ಚುಕ್ಕೆಯಲ್ಲಿ ಒಂದು ಹಾರಿಹೋಗಿತ್ತು. ಅಲಗಿನ ಬುಡಕ್ಕೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದ. ಕ್ಷಣ ಕಾದ. ಬಿಳಿ ಪುಡಿಯ ಮೇಲೆ ಎಣ್ಣೆ ಜಿನುಗಿ ಒಂದು ಗೆರೆ ಎದ್ದಿತು. ಬುಡದಿಂದ ಹರಿತದ ಬಾಯಿಯ ಕಡೆಗೆ, ಕೂದಲಿನಷ್ಟು. ಬಿರುಕು.

ಅಡಿಗಲ್ಲಿನ ಮೇಲೆ ಕುಳಿತ. ಆಮೇಲೆ ಎದ್ದು, ನುಣ್ಣನೆಯ ಸಾಣೆಕಲ್ಲಿನಿಂದ ಗೀರನ್ನು ಉಜ್ಜಿ, ಆಸಿಡ್ಡು ಮುಟ್ಟಿಸಿ, ಗೆರೆಯೊಳಗೆ ಗೆರೆ ಸೇರಿಸಿ ಮರೆಮಾಡಿದ. ಚಾಕುವನ್ನು ಇದ್ದ ಜಾಗದಲ್ಲೇ ಇಟ್ಟ. ಅವತ್ತು ಊಟ ಬಂದಾಗ ಮೂರು ಗಂಟೆ.

ಶುಕ್ರವಾರ ಬೆಳಗ್ಗೆ ಹಿಡಿಯವನು ಎಣ್ಣೆಬಟ್ಟೆ ಬಿಚ್ಚಿದ. ಮಾರನೆಯ ದಿನ ಹತ್ತಕ್ಕೆ ಶಿಕಾರಿ ಯಜಮಾನರು ಬರುವವರಿದ್ದರು. ಕೊಡುವ ಮುಂಚೆ ಚಾಕುವನ್ನು ದಾರಕ್ಕೆ ತೂಗುಹಾಕಿ ಉಗುರಿನಿಂದ ತಟ್ಟಿ, ಬಿರುಕಿದ್ದರೆ ತಿಳಿಯಲೆಂದು ಸದ್ದು ಕೇಳುವುದು ಆ ಅಂಗಡಿಯ ರೂಢಿ. ಅದು ಕಮ್ಮಾರನ ಕೆಲಸ. ಅವತ್ತು ಅವನು ಇದ್ದಿಲು ಆರಿಸುವ ನೆವ ಹೇಳಿದ. ಹಿಡಿಯವನೇ ತಟ್ಟಿದ. ಮತ್ತೆ ತಟ್ಟಿದ. ಮೂರನೆಯ ಸಲ ತಟ್ಟುವಾಗ ಅವನ ಮುಖದ ಬಣ್ಣವೇ ಇಳಿದಿತ್ತು.

“ಭಾವ, ಇಲ್ಲಿ ಬನ್ನಿ.”

ಅವನೇ ಸೀಮೆಎಣ್ಣೆ ಸವರಿದ, ಅವನೇ ಪುಡಿ ಉದುರಿಸಿದ. ಗೆರೆ ಎದ್ದಿತು.

“ನಾನೇ ಭಾವ. ಕೊಡತಿ ಏಟು. ಮೂರನೇದು ಸ್ವಲ್ಪ ಜೋರಾಯ್ತು ಅಂತ ಅವತ್ತೇ ಅನ್ನಿಸಿತ್ತು. ಆಕಾಶದ ಕಬ್ಬಿಣ… ಅಯ್ಯೋ, ನಾನೇ ಒಡೆದುಬಿಟ್ಟೆ.”

ಇಲ್ಲ ಅನ್ನಬೇಕಿತ್ತು. ಕಮ್ಮಾರನ ಬಾಯಿ ತೆರೆಯಿತು. ಹೊರಗೆ ಬಂದದ್ದು ಬೇರೆ: “ಎಷ್ಟು ಸಲ ಬಡ್ಕೊಂಡಿದ್ದೀನಿ, ಕೊಡತಿ ಮೆಲ್ಲಗೆ ಹಿಡಿ ಅಂತ!”

ಬೀದಿಗೆ ಸುದ್ದಿ ಹೋಗಲು ಎಷ್ಟು ಹೊತ್ತು? ಕ್ಷೌರಿಕ ಬಾಗಿಲಲ್ಲಿ ನಿಂತು ಲೊಚಗುಟ್ಟಿದ. “ಹಿಡಿಯವನು ಅಲಗನ್ನೇ ಒಡೆದ್ನಲ್ಲಪ್ಪ! ಎಂಥಾ ಅಲಗು! ನೀರಿನ ಹಾಗಿತ್ತು.” ಇನ್ನಿಬ್ಬರು ಇಣುಕಿ ನೋಡಿ ಅದನ್ನೇ ಅಂದರು. ಎಂಥಾ ಅಲಗು, ಎಂಥಾ ಅಲಗು. ನಲವತ್ತು ವರ್ಷದಿಂದ ಕಾದಿದ್ದ ಮಾತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ಅದು ಕಮ್ಮಾರನಿಗೆ ಸಿಹಿಯಾಗಿತ್ತು. ಸುಮಾರು ಒಂದು ತಾಸು ಸಿಹಿಯಾಗಿತ್ತು.

ಆಮೇಲೆ ಕಿಟಕಿಯ ಮೂಲೆಯಿಂದ ಸದ್ದು ಕೇಳಿಸಿತು. ಹಿಡಿಯವನು ಉಳಿಗಳನ್ನು ಒಂದೊಂದಾಗಿ ಒರೆಸಿ ಗೋಣಿಚೀಲಕ್ಕೆ ಹಾಕುತ್ತಿದ್ದ. ಅದೇ ಹಳೆಯ ಚೀಲ.

“ಏನೋ ಅದು?”

“ನಾಳೆ ಯಜಮಾನರ ಹತ್ರ ನಾನೇ ಹೇಳ್ತೀನಿ. ಆಮೇಲೆ ಕಿಟಕಿ ಬಾಗಿಲು ಚೌಕಟ್ಟು ಮಾಡೋರ ಕಡೆ ಹೋಗ್ತೀನಿ ಭಾವ. ಅಲ್ಲಿ ಕೈ ಜೋರಾದ್ರೂ ನಡೀತದೆ.” ನಗಲು ನೋಡಿದ, ಆಗಲಿಲ್ಲ. ತನ್ನ ಬಲಗೈಯನ್ನು ಬೇರೆ ಯಾರದೋ ಅನ್ನುವ ಹಾಗೆ ತಿರುಗಿಸಿ ತಿರುಗಿಸಿ ನೋಡಿಕೊಂಡ. “ಇದನ್ನ ಇನ್ನು ನಂಬೋಕಾಗಲ್ಲ.”

ಹೋಗುತ್ತಾನೆ. ಕಿಟಕಿ ಖಾಲಿಯಾಗುತ್ತದೆ. ಅಂಗಡಿಗೆ ಬೇರೆ ಹೆಸರು ಬರುತ್ತದೆ. ಇವನು ಬಾಯಿ ಬಿಡದಿದ್ದರೆ ಸಾಕು.

ಮಧ್ಯಾಹ್ನ ಹೆಂಡತಿ ತಟ್ಟೆ ಇಟ್ಟಳು. ತಮ್ಮ ಊಟಕ್ಕೆ ಬರಲಿಲ್ಲ. ಕಮ್ಮಾರ ಎರಡು ತುತ್ತು ತಿಂದ. ಅವಳು ಗೋಡೆಗೆ ಒರಗಿ ಕುಳಿತಿದ್ದಳು.

“ರೀ, ನಿನ್ನೆ ಮಧ್ಯಾಹ್ನ ಏನು ಹೊಡೆದ್ರಿ?”

ಕಮ್ಮಾರ ನೀರಿನ ಲೋಟಕ್ಕೆ ಕೈ ಹಾಕಿದ. “ಏನಿಲ್ಲ.”

“ಬುಧವಾರ ಅವನು ಕೊಡತಿಯಲ್ಲಿ ಮೂರು ಸಲ ತಟ್ಟಿದ. ಮರದ ಸದ್ದು. ಅಲಗು ಹಾಡ್ತಾನೇ ಇತ್ತು. ನಿನ್ನೆ ಒಂದೇ ಏಟು. ತಣ್ಣಗಿನ ಕಬ್ಬಿಣದ್ದು. ಆಮೇಲೆ ಹಾಡ್ಲಿಲ್ಲ.”

“ನಿನಗೇನು ಗೊತ್ತಾಗ್ತದೆ ಕಬ್ಬಿಣದ ವಿಷಯ? ಒಂದು ದಿನ ಕಣ್ಣೆತ್ತಿ ನೋಡಿದ್ದೀಯಾ ನನ್ನ ಅಲಗನ್ನ?” ಇಪ್ಪತ್ತಾರು ವರ್ಷದ ಮಾತು ಒಂದೇ ಸಲಕ್ಕೆ ಬಂತು. “ಹಿಡಿ ಅಂದ್ರೆ ಓಡಿ ಬರ್ತೀಯಾ. ಕಣ್ಣಲ್ಲಿ ನೀರು ಬೇರೆ!”

ಅವಳು ಅವನನ್ನೇ ನೋಡಿದಳು, ಹುಚ್ಚನನ್ನು ನೋಡಿದ ಹಾಗೆ. “ಹಿಡಿ ಮಾಡೋವಾಗ ಸದ್ದಿಲ್ಲ, ಅದಕ್ಕೇ ಬಂದು ನೋಡ್ಬೇಕು. ನಿಮ್ಮದನ್ನ ನೋಡೋದೇನಿದೆ? ಈ ಗೋಡೆ ಈಚೆ ಕೂತು ಎಲ್ಲಾ ಕೇಳ್ತೀನಲ್ಲ. ಅಲಗು ಇನ್ನೂ ಹಟ ಮಾಡ್ತಿದ್ಯೋ, ಮಾತು ಕೇಳ್ತಿದ್ಯೋ, ನನಗೆ ಗೊತ್ತಾಗಲ್ವಾ? ಸದ್ದು ಸರಿಯಾದ ಮೇಲೇನೇ ನಾನು ಒಲೆ ಹಚ್ಚೋದು. ಮುಂಚೆ ಹಚ್ಚಿದ್ರೆ ನೀವು ಎದ್ದು ಬರಲ್ಲ, ಊಟ ಆರಿಹೋಗ್ತದೆ.”

ಕಮ್ಮಾರ ತಟ್ಟೆ ನೋಡಿದ. ಹನ್ನೊಂದು ಗಂಟೆಯ ಊಟಗಳು, ಎರಡು ಗಂಟೆಯ ಊಟಗಳು, ಎಲ್ಲ ಸಾಲಾಗಿ ನೆನಪಿಗೆ ಬಂದವು. ಮರುಕ್ಷಣವೇ ಒಳಗಿನ ಹುಳ ಮಿಸುಕಿತು. ಇದನ್ನು ಈಗ ಹೇಳುತ್ತಿರುವುದು ನನಗಾಗಿಯೋ, ತಮ್ಮನಿಗಾಗಿಯೋ?

“ಅವನಿಗೆ ಹೇಳಿದ್ಯಾ?”

“ಇಲ್ಲ. ಹೇಳೋದೂ ಇಲ್ಲ,” ಅಂದಳು ತಟ್ಟೆ ಎತ್ತುತ್ತ. “ಅವನು ಚೀಲ ಕಟ್ತಿದ್ದಾನೆ. ಅದಷ್ಟು ನಿಮಗೂ ಕೇಳಿಸಿರ್ಬೇಕು.”

ಶನಿವಾರ ಹತ್ತಕ್ಕೆ ಸರಿಯಾಗಿ ಯಜಮಾನರು ಬಂದರು. ಚಾಕು ಮೇಜಿನ ಮೇಲಿತ್ತು, ಗೋಣಿಚೀಲ ಬಾಗಿಲ ಪಕ್ಕದಲ್ಲಿತ್ತು. ಕ್ಷೌರಿಕ ಎದುರಿನ ಕಟ್ಟೆಯ ಮೇಲೆ ಕತ್ತಿ ಮಸೆಯುವ ನೆವದಲ್ಲಿ ಕಿವಿ ಇತ್ತ ಕಡೆ ಇಟ್ಟಿದ್ದ. ಯಜಮಾನರ ಕೈ ಚಾಕುವಿನ ಕಡೆ ಹೋಯಿತು. ಹಿಡಿಯವನು ಅಡ್ಡ ಬಂದ. “ಮುಟ್ಬೇಡಿ ಯಜಮಾನ್ರೇ. ಒಂದು ತಪ್ಪಾಗಿದೆ. ನನ್ನ ಕೈಯಿಂದ…”

ಯಜಮಾನರ ಇನ್ನೊಂದು ಅಂಗೈ ತಾನಾಗಿಯೇ ತೊಡೆಯ ಮೇಲೆ ಹೋಗಿ ಕುಳಿತದ್ದನ್ನು ಕಮ್ಮಾರ ನೋಡಿದ.

“ಅವನಲ್ಲ,” ಅಂದ. ದನಿ ಸಣ್ಣಗಿತ್ತು. ಮೇಜಿನ ಹತ್ತಿರಕ್ಕೆ ಬಂದ. “ಅವನಲ್ಲ, ನಾನು. ಗುರುವಾರ ಮಧ್ಯಾಹ್ನ. ತಣ್ಣಗಿನ ಅಲಗಿಗೆ ಅಚ್ಚು ಹೊಡೆದೆ. ಬುಡದಲ್ಲಿ ಬಿರುಕು ಬಿಟ್ಟಿದೆ.” ಜೇಬಿನಿಂದ ಅಪ್ಪನ ಅಚ್ಚು ತೆಗೆದು ಹಿಡಿಯವನ ಮುಂದೆ ಮೇಜಿನ ಮೇಲಿಟ್ಟ. “ನೋಡು, ಚುಕ್ಕೆ ಹಾರಿದೆ.”

ಹಿಡಿಯವನು ಅಚ್ಚನ್ನು ನೋಡಿದ, ಭಾವನನ್ನು ನೋಡಿದ. “ತಣ್ಣಗಿನದಕ್ಕಾ? ನೀವಾ? ಯಾಕೆ ಭಾವ?”

“ಕಾಣ್ಲಿ ಅಂತ.”

“ಯಾರಿಗೆ?”

ಕಮ್ಮಾರ ಬೀದಿಯ ಕಡೆ ಕೈ ಮಾಡಿದ, ಅಡುಗೆಮನೆಯ ಕಡೆ ಕೈ ಮಾಡಿದ, ಕೊನೆಗೆ ಕೈ ಕೆಳಗಿಳಿಸಿದ.

“ನಿನ್ನೆ ಬೆಳಗಿಂದ ಈ ಕೈ ನೋಡ್ಕೊಂಡು ಕೂತಿದ್ದೀನಿ ನಾನು,” ಅಂದ ಹಿಡಿಯವನು. ಅವನು ಗಟ್ಟಿಯಾಗಿ ಮಾತಾಡಿದ್ದನ್ನು ಆ ಅಂಗಡಿ ಮೊದಲ ಸಲ ಕೇಳಿತು. “ಊಟ ಮಾಡಿಲ್ಲ. ನೀವು ಎದುರಿಗೇ ಇದ್ರಿ. ಇದ್ದಿಲು ಆರಿಸ್ತಾ!”

ಎದುರಿನ ಕಟ್ಟೆಯಲ್ಲಿ ಕತ್ತಿ ಮಸೆಯುವ ಸದ್ದು ನಿಂತಿತ್ತು.

ಯಜಮಾನರು ಚಾಕುವನ್ನು ಎತ್ತಿ ಬಿರುಕಿನ ಜಾಗವನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ಬುಡದಲ್ಲೇ,” ಅಂದರು. “ಹೋದ ಸಲವೂ ಬುಡದಲ್ಲೇ.” ಆಮೇಲೆ, “ಇದ್ರಲ್ಲಿ ಗಟ್ಟಿ ಇರೋದು ಎಷ್ಟು?”

“ಬಿರುಕು ದಾಟಿ ತುದಿ ಕಡೆಗೆ ಕತ್ತರಿಸಿ, ಉಳಿದ ಅಲಗಿನ ಹಿಂದಿನ ಭಾಗನ ಮತ್ತೆ ಕಾಸಿ ಬಾಲ ಎಳೆದ್ರೆ… ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಉದ್ದ ಇರಲ್ಲ. ಆದ್ರೆ ಮುರಿಯಲ್ಲ. ಮಾಡೋವಾಗ ನೀವು ಇಲ್ಲೇ ಕೂತು ನೋಡಿ.”

“ಹಂದಿ ಉದ್ದ ಅಳೆಯಲ್ಲ. ಮಾಡಿ.” ಸ್ಟೂಲ್ ಎಳೆದುಕೊಂಡು ಕುಳಿತೇಬಿಟ್ಟರು.

ಅಲಗು ಚಿಕ್ಕದಾದರೆ ಹಿಡಿಯೂ ಚಿಕ್ಕದಾಗಬೇಕು, ಇಲ್ಲದಿದ್ದರೆ ತೂಕ ಕೈಗೆ ಕೂರುವುದಿಲ್ಲ. ಅರಗನ್ನು ಬಿಸಿ ಮಾಡಿ ಅಲಗನ್ನು ಹೊರಗೆಳೆದದ್ದಾಯಿತು. ಹಿಡಿಯವನು ಕಪ್ಪು ಹಿಡಿಯನ್ನು ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ, ಎರಡು ಬೆರಳಗಲಕ್ಕೆ ಗೆರೆ ಎಳೆದು, ಗರಗಸವನ್ನು ಭಾವನ ಮುಂದೆ ಹಿಡಿದ.

“ಕುಯ್ಯಿ. ನಾನು ಕುಯ್ಯಲ್ಲ.”

ಯಾವತ್ತೂ ಬಹುವಚನ ಬಿಟ್ಟವನಲ್ಲ. ಕಮ್ಮಾರ ಗರಗಸ ತೆಗೆದುಕೊಂಡ. ಹನ್ನೊಂದು ವರ್ಷ ಕಾಪಾಡಿದ ಮರ ಕಪ್ಪು ಪುಡಿಯಾಗಿ ಅವನ ಮುಂಗೈ ಮೇಲೆ ಬಿತ್ತು. ತುಂಡು ಕಳಚಿ ಬಂದಾಗ ಒಳಗಿನ ಗೂಡು ಕಂಡಿತು, ಬಾಲ ಕೂರುವ ಗೂಡು. ಯಾರೂ ಎಂದೂ ನೋಡದ ಜಾಗ. ಅಲ್ಲಿ ಒಂದು ಉಳಿಯ ಗುರುತೂ ಇರಲಿಲ್ಲ. ಹೊರಗಿನಷ್ಟೇ ನುಣ್ಣಗೆ ಉಜ್ಜಿತ್ತು. ಒಂದು ಪಕ್ಕದಲ್ಲಿ ಬೇಳೆಯಷ್ಟು ಗುಳಿ ತೋಡಿತ್ತು.

“ಇದೇನೋ?”

“ಅಲ್ಲಿ ನಿಮ್ಮ ಅಚ್ಚು ಬರ್ತದಲ್ಲ,” ಅಂದ ಹಿಡಿಯವನು ಬೇರೆ ಕಡೆ ನೋಡುತ್ತ. “ಮರ ಒತ್ತಿ ಸವೆದುಹೋಗ್ಬಾರ್ದು ಅಂತ. ಎಲ್ಲಾ ಹಿಡಿಗೂ ಮಾಡ್ತೀನಿ.”

ಇಪ್ಪತ್ತೆರಡು ವರ್ಷದ ಹಿಡಿಗಳು. ಕಮ್ಮಾರನಿಗೆ ಅಳು ಬರಬೇಕಿತ್ತು. ಮೊದಲು ಬಂದದ್ದು ಅಳುವಲ್ಲ. ಯಾರೂ ಕಾಣದ ಕಡೆಯೂ ಇವನದೇ ಮೇಲುಗೈಯಾಯಿತಲ್ಲ ಅನ್ನುವ ಹೊಟ್ಟೆಕಿಚ್ಚು. ಆಮೇಲೆ ನಾಚಿಕೆ. ಅಳು ಬಂದದ್ದು ಅದರ ಹಿಂದೆ, ಅದೂ ಹೊಗೆಯ ಮರೆಯಲ್ಲಿ.

ಮೂರು ದಿನ ಯಜಮಾನರು ಬಂದು ಬಂದು ಆ ಸ್ಟೂಲಿನ ಮೇಲೆ ಕುಳಿತರು. ಅಲಗು ಮತ್ತೆ ಕಾಯಿತು, ಹೊಸ ಬಾಲ ಎಳೆದದ್ದಾಯಿತು. ಕೆಂಪಗಿರುವಾಗ ಅದರ ಮೇಲೆ ಅಚ್ಚು ಬಿತ್ತು. ಅರ್ಧಚಂದ್ರ, ಎರಡು ಚುಕ್ಕೆ. ಹೊಸ ಅಚ್ಚು ಕೊರೆಸು ಅಂದವರಿಗೆ ಕಮ್ಮಾರ ಮುಂದೆಯೂ ಬೇಡ ಎಂದೇ ಹೇಳಿದ. ಹಿಡಿಯವನು ಮಾತು ಬಿಟ್ಟಿದ್ದ, ಕೆಲಸ ಬಿಟ್ಟಿರಲಿಲ್ಲ. ಗೋಣಿಚೀಲ ಬಾಗಿಲ ಪಕ್ಕದಲ್ಲೇ ಇತ್ತು. ಬೇಕಾದ ಉಳಿಯೊಂದನ್ನು ಅದರಿಂದ ತೆಗೆಯುವನು, ಕೆಲಸ ಮುಗಿದ ಮೇಲೆ ಮತ್ತೆ ಅದಕ್ಕೇ ಹಾಕುವನು. ಮೂರನೆಯ ದಿನ ಕೊಡತಿಯ ಏಟು ಹಾಕುವಾಗ ಮಾತ್ರ ಒಂದು ಕ್ಷಣ ನಿಂತು, “ಭಾವ, ಕೇಳಿಸ್ಕೊಳ್ಳಿ” ಅಂದ. ಮೂರು ಸಲ ತಟ್ಟಿದ. ಕೊಡತಿಯನ್ನು ಚೀಲಕ್ಕೆ ಹಾಕಲಿಲ್ಲ, ಕಿಟಕಿಯ ಕೆಳಗೆ ಅದರ ಜಾಗದಲ್ಲಿಟ್ಟ.

ಯಜಮಾನರು ಚಾಕುವನ್ನು ಕೈಗೆ ತೆಗೆದುಕೊಂಡರು. ಗಿಡ್ಡ ಚಾಕು, ಗಿಡ್ಡ ಹಿಡಿ, ಕೊಂಬಿನ ಬಿಲ್ಲೆ ಎರಡರಲ್ಲಿ ಒಂದೇ ಉಳಿದಿತ್ತು. ಅವರ ಹೆಬ್ಬೆರಳು ಕಪ್ಪು ಮರದ ಮೇಲೆ ಆಡಿತು. “ಏನು ಹಿಡಿಯಪ್ಪಾ!” ಅಂದರು ಹಿಡಿಯವನ ಕಡೆ ತಿರುಗಿ. “ಕೈಗೆ ಅಂಟ್ಕೊಂಡ ಹಾಗಿದೆ.”

ಕಮ್ಮಾರನ ಎದೆಯಲ್ಲಿ ಅದೇ ಹಳೆಯ ಜಾಗದಲ್ಲಿ ಅದೇ ಹಳೆಯ ಕಿಡಿ ಚಟ್ ಅಂದಿತು. ಅದಕ್ಕೇನೂ ಬುದ್ಧಿ ಬಂದಿರಲಿಲ್ಲ. ಅವನು ಚಾಕುವನ್ನು ಇಸಿದುಕೊಂಡು ದಾರಕ್ಕೆ ತೂಗುಹಾಕಿದ. ಉಗುರಿನಿಂದ ಒಂದು ಸಲ ತಟ್ಟಿದ.

ಸಣ್ಣ ಅಲಗಿನ ಸಣ್ಣ ದನಿ, ಆದರೆ ಉದ್ದಕ್ಕೆ ಹೋಯಿತು. ಯಜಮಾನರು ತಲೆದೂಗಿದರು. ಹಿಡಿಯವನು ಕಣ್ಣು ಮುಚ್ಚಿಕೊಂಡಿದ್ದ. ಕಮ್ಮಾರ ಮಾತ್ರ ಅಡುಗೆಮನೆಯ ಗೋಡೆಯ ಕಡೆಗೆ ಕಿವಿ ಕೊಟ್ಟು ನಿಂತಿದ್ದ. ಸದ್ದು ಇನ್ನೇನು ಆರಬೇಕು ಅನ್ನುವಾಗ, ಗೋಡೆಯ ಆಚೆ ಬೆಂಕಿಕಡ್ಡಿ ಗೀರಿತು.